ಜುಲೈ ಮಳೆಯಲ್ಲಿ ಬಾವುಟಗುಡ್ಡೆ ಇಳಿಯಲು ಯಾವ ಸೈಕಲ್?

ಮಂಗಳೂರಿನಲ್ಲಿ ಸೈಕಲ್ ಅಂಗಡಿಗೆ ಹೋದವರು ಮೊದಲು ಕೇಳುವುದು "ಗೇರ್ ಎಷ್ಟು?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬ್ರೇಕ್ ಬಗ್ಗೆ. ಚಡಾವು ಹತ್ತಲು ಆಗದಿದ್ದರೆ ಇಳಿದು ತಳ್ಳಿಕೊಂಡು ಹೋಗಬಹುದು. ಅದರಿಂದ ಯಾರಿಗೂ ಏಟಾಗುವುದಿಲ್ಲ. ಆದರೆ ಜಡಿಮಳೆಯಲ್ಲಿ ಬಾವುಟಗುಡ್ಡೆಯಿಂದ ಹಂಪನಕಟ್ಟೆ ಕಡೆ ಇಳಿಯುವಾಗ, ಎದುರಿನ ಸಿಟಿ ಬಸ್ ಜನ ಹತ್ತಿಸಲು ಗಕ್ಕನೆ ನಿಂತಾಗ, ಬ್ರೇಕ್ ಹಿಡಿಯದಿದ್ದರೆ ಮಾಡಲು ಏನೂ ಉಳಿದಿರುವುದಿಲ್ಲ.

ಬೆಂಗಳೂರಿನ ಗೆಳೆಯರು ಹೊಗಳಿದ ಸೈಕಲ್ ಕರಾವಳಿಗೆ ಒಗ್ಗುತ್ತದೆ ಎಂದು ಹೇಳಲಾಗದು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಉಳಿದ ತಿಂಗಳು ಸೆಕೆ, ಬೆವರು, ಜೊತೆಗೆ ಕಬ್ಬಿಣ ತಿನ್ನುವ ಉಪ್ಪು ಗಾಳಿ. ಊರು ಕಟ್ಟಿರುವುದೇ ಗುಡ್ಡೆಗಳ ಮೇಲೆ. ಹಾಗಾಗಿ ದಿನಾ ಕೆಲಸಕ್ಕೆ ಹೋಗಿಬರುವ ಸೈಕಲನ್ನು ಮಳೆಗಾಲದ ಇಳಿಜಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು. ಬೇಸಿಗೆಯಲ್ಲಿ ಅದು ಹೇಗೂ ಓಡುತ್ತದೆ.

ಮೊದಲು ನಿಮ್ಮ ದಾರಿ ನೋಡಿ

ದುಡ್ಡು ಕೊಡುವ ಮೊದಲು ಮನೆಯಿಂದ ಕೆಲಸದ ಜಾಗದವರೆಗೆ ಒಮ್ಮೆ ನಿಧಾನವಾಗಿ ಹೋಗಿ ಬನ್ನಿ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ನೀರು ನಿಲ್ಲುತ್ತದೆ ಎಂದು ಗಮನಿಸಿ. ಸ್ಕೂಟರ್‌ನಲ್ಲಿ ದಿನಾ ಓಡಾಡುವವರಿಗೂ ಎಷ್ಟೋ ಏರುಗಳು ಗೊತ್ತಾಗಿರುವುದಿಲ್ಲ.

ಮಂಗಳಾದೇವಿ, ಬೋಳಾರ, ರಥಬೀದಿ, ಬಂದರು, ಕುದ್ರೋಳಿ, ಮಣ್ಣಗುಡ್ಡೆ, ಉರ್ವ: ಇಷ್ಟರೊಳಗೆ ಓಡಾಡುವವರಿಗೆ ನೆಲ ಹೆಚ್ಚುಕಡಿಮೆ ಸಮತಟ್ಟು. ಬೈಕಂಪಾಡಿ, ಪಣಂಬೂರು ಕಡೆಯೂ ಹಾಗೆಯೇ. ಅಲ್ಲಿ ಕಷ್ಟ ಕೊಡುವುದು ಹೆದ್ದಾರಿಯ ಲಾರಿ, ಟ್ಯಾಂಕರ್‌ಗಳು. ಕೊಟ್ಟಾರ ಚೌಕಿಯಿಂದ ಕುಂಟಿಕಾನ ದಾಟಿ ಕೆಪಿಟಿ ಕಡೆಗೆ ಹೊರಟರೆ ಏರು ಶುರು. ನಂತೂರಿನಿಂದ ಪಂಪ್‌ವೆಲ್‌ಗೆ ಒಳ್ಳೆಯ ಇಳಿಜಾರು. ಕೊಟ್ಟಾರ ಚೌಕಿ ಮತ್ತು ಪಂಪ್‌ವೆಲ್ ಎರಡೂ ತಗ್ಗು, ಜೋರು ಮಳೆಗೆ ನೀರು ತುಂಬುವ ಜಾಗಗಳು. ಬಲ್ಮಠ, ಕದ್ರಿ ಕಡೆ ಮನೆ ಇದ್ದರೆ ಹೋಗುವಾಗ ಇಳಿತ, ಸಂಜೆ ಸುಸ್ತಾಗಿ ಬರುವಾಗ ಏರು. ಉಡುಪಿಯಲ್ಲಿ ಮಲ್ಪೆಯಿಂದ ಆದಿಉಡುಪಿ ಮೂಲಕ ಪೇಟೆಗೆ ಬರುವ ದಾರಿ ಸಲೀಸು. ಕಲ್ಸಂಕದಿಂದ ಕಡಿಯಾಳಿ, ಇಂದ್ರಾಳಿ ದಾಟಿ ಮಣಿಪಾಲ ಹತ್ತುವ ದಾರಿಯ ಲೆಕ್ಕವೇ ಬೇರೆ.

ಇನ್ನೊಂದು ವಿಷಯ. ನಮ್ಮಲ್ಲಿ ಕಾಂಕ್ರೀಟ್ ರಸ್ತೆಗಳು ಜಾಸ್ತಿ. ಕಾಂಕ್ರೀಟ್ ಮುಗಿದು ಮಣ್ಣು ಅಥವಾ ಇಂಟರ್‌ಲಾಕ್ ಶುರುವಾಗುವ ಕಡೆ ಎಷ್ಟೋ ಬಾರಿ ಒಂದು ಮೆಟ್ಟಿಲಿನಷ್ಟು ವ್ಯತ್ಯಾಸ ಇರುತ್ತದೆ. ಬಸ್ಸಿಗೆ ದಾರಿ ಬಿಡಲು ಹೋಗಿ ಆ ಅಂಚಿನಿಂದ ಚಕ್ರ ಜಾರಿದರೆ ಬೀಳುವುದು ಖಂಡಿತ. ಮಳೆಗಾಲದಲ್ಲಿ ಇಂಟರ್‌ಲಾಕ್ ಮೇಲೆ ಹಾವಸೆಯೂ ಕಟ್ಟುತ್ತದೆ. ಟಯರ್ ಆರಿಸುವಾಗ ಇದನ್ನು ಮರೆಯಬೇಡಿ.

ಬ್ರೇಕ್: ಇದರಲ್ಲಿ ಮಾತ್ರ ರಾಜಿ ಬೇಡ

ಹಳೆಯ ಕಪ್ಪು ಸೈಕಲ್‌ಗಳಲ್ಲಿ ರಾಡ್ ಬ್ರೇಕ್ ಇರುತ್ತದೆ. ಕೇಬಲ್ ಬದಲು ಕಬ್ಬಿಣದ ಸರಳು ಎಳೆದು ರಬ್ಬರನ್ನು ರಿಮ್‌ಗೆ ಒತ್ತುತ್ತದೆ. ರಿಮ್ ಕ್ರೋಮ್ ಹೊಳಪಿನ ಉಕ್ಕಿನದು. ಒಣಗಿದ್ದಾಗ ಪರವಾಗಿಲ್ಲ. ಒದ್ದೆಯಾದರೆ ಆ ನುಣುಪು ಉಕ್ಕಿನ ಮೇಲೆ ರಬ್ಬರಿಗೆ ಹಿಡಿತ ಸಿಗುವುದೇ ಇಲ್ಲ. ಬ್ರೇಕ್ ಒತ್ತಿದ ಮೇಲೂ ಚಕ್ರ ಎಷ್ಟೋ ಸುತ್ತು ತಿರುಗುತ್ತದೆ. ಸಮತಟ್ಟಿನಲ್ಲಿ ಕಾಲು ಊರಿ ನಿಲ್ಲಿಸಬಹುದು. ನಂತೂರಿನ ಇಳಿಜಾರಿನಲ್ಲಿ ಆಗುತ್ತದೆಯೇ?

ಇದಕ್ಕಿಂತ ಎಷ್ಟೋ ಮೇಲು ಅಲಾಯ್ ರಿಮ್ ಮತ್ತು ವಿ-ಬ್ರೇಕ್ (ಕೇಬಲ್ ಎಳೆದಾಗ ಎರಡು ತೋಳುಗಳು ರಿಮ್‌ನ ಎರಡೂ ಬದಿಗೆ ರಬ್ಬರ್ ಒತ್ತುವ ಬ್ರೇಕ್) ಜೋಡಿ. ಅಲ್ಯೂಮಿನಿಯಂ ರಿಮ್ ಒದ್ದೆಯಾಗಿದ್ದರೂ ಒಂದೆರಡು ಸುತ್ತಿನಲ್ಲಿ ರಬ್ಬರ್ ನೀರನ್ನು ಒರೆಸಿ ಹಿಡಿದುಕೊಳ್ಳುತ್ತದೆ. ರಿಪೇರಿ ಸುಲಭ, ಯಾವ ಸಣ್ಣ ಅಂಗಡಿಯಲ್ಲೂ ಮಾಡುತ್ತಾರೆ, ಬ್ರೇಕ್ ರಬ್ಬರ್ ಅಗ್ಗ. ಒಂದೇ ಕೊರತೆ: ಕೆಂಪು ಮಣ್ಣಿನ ನೀರು ರಿಮ್‌ಗೆ ಅಂಟಿದರೆ ಮರಳು ಕಾಗದ ಉಜ್ಜಿದ ಹಾಗೆ ರಬ್ಬರೂ ಸವೆಯುತ್ತದೆ, ರಿಮ್ಮೂ ಸವೆಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಬೇಕು.

ಡಿಸ್ಕ್ ಬ್ರೇಕ್ ರಿಮ್ಮನ್ನಲ್ಲ, ಚಕ್ರದ ನಡುವೆ ಇರುವ ಲೋಹದ ತಟ್ಟೆಯನ್ನು ಹಿಡಿಯುತ್ತದೆ. ರಸ್ತೆಯ ನೀರು ಅಷ್ಟು ಬೇಗ ಅಲ್ಲಿಗೆ ಮುಟ್ಟುವುದಿಲ್ಲ, ಒದ್ದೆಯಲ್ಲೂ ನಂಬಬಹುದು. ಆದರೆ ಎಲ್ಲ ಡಿಸ್ಕ್ ಒಂದೇ ಅಲ್ಲ. ಹತ್ತು ಸಾವಿರದೊಳಗಿನ ಸೈಕಲ್‌ಗೆ "ಡಬಲ್ ಡಿಸ್ಕ್" ಅಂತ ಅಂಟಿಸಿ ಮಾರುವ ಕೇಬಲ್ ಡಿಸ್ಕ್‌ಗಳು ಬೇಗ ಸಡಿಲವಾಗುತ್ತವೆ. ಸದಾ ಉಜ್ಜುತ್ತಾ ಕಿರಿಕಿರಿ ಬೇರೆ. ಅಂಥ ಡಿಸ್ಕ್‌ಗಿಂತ ಒಳ್ಳೆಯ ವಿ-ಬ್ರೇಕ್ ವಾಸಿ. ದುಡ್ಡು ಇದ್ದರೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ತೆಗೆದುಕೊಳ್ಳಿ. ಕೇಬಲ್ ಇಲ್ಲ, ತುಕ್ಕು ಹಿಡಿದು ಬಿಗಿಯಾಗುವ ತಲೆನೋವಿಲ್ಲ, ಒಂದು ಬೆರಳಲ್ಲಿ ನಿಲ್ಲುತ್ತದೆ. ಆದರೆ ಅದರ ಎಣ್ಣೆ ಬದಲಿಸಲು ಬರುವ ಮೆಕ್ಯಾನಿಕ್ ನಿಮ್ಮ ಹತ್ತಿರ ಇದ್ದಾರೆಯೇ ಎಂದು ಮೊದಲು ವಿಚಾರಿಸಿ.

ದಿನಾ ಇಳಿಜಾರು ಇರುವವರಿಗೆ ನನ್ನ ಆಯ್ಕೆ ಡಿಸ್ಕ್. ತಗ್ಗು ಪ್ರದೇಶದವರಿಗೆ ವಿ-ಬ್ರೇಕ್ ಧಾರಾಳ ಸಾಕು. ರಾಡ್ ಬ್ರೇಕ್ ಇಟ್ಟುಕೊಂಡು ಮಳೆಯಲ್ಲಿ ಗುಡ್ಡೆ ಇಳಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕಪ್ಪು ಸೈಕಲ್ಲೋ, ಗೇರ್ ಸೈಕಲ್ಲೋ

ಕಪ್ಪು ಸೈಕಲ್‌ನ ಗುಣಗಳು ನಿಜವಾಗಿಯೂ ದೊಡ್ಡವು. ಗಟ್ಟಿ ಕ್ಯಾರಿಯರ್, ಚೈನ್ ಮುಚ್ಚುವ ಕವರ್, ಉದ್ದ ಮಡ್‌ಗಾರ್ಡ್, ಎರಡು ಕಾಲಿನ ಸ್ಟ್ಯಾಂಡ್, ಎಲ್ಲ ಮೊದಲೇ ಇರುತ್ತವೆ. ನೆಟ್ಟಗೆ ಕೂರಬಹುದು. ಪಂಚೆ ಉಟ್ಟವರೂ ಓಡಿಸಬಹುದು. ಬೆಲೆ ಸುಮಾರು ಆರೇಳು ಸಾವಿರ. ಮುಂಜಾನೆ ಪೇಪರ್, ಹಾಲು ಹಾಕುವವರು ಇವತ್ತಿಗೂ ಇದನ್ನೇ ನಂಬಿದ್ದಾರೆ ಅಂದರೆ ಸುಮ್ನೆ ಅಲ್ಲ.

ಏರು ಬಂದಾಗ ಏನಾಗುತ್ತದೆ ಎಂದು ಒಂದು ಲೆಕ್ಕ ನೋಡಿ. ಮುಂದೆ ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಹಲ್ಲುಚಕ್ರಕ್ಕೆ 18 ಹಲ್ಲು ಇರುವ ಕಪ್ಪು ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಏರಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗ ಎಂದುಕೊಳ್ಳಿ. ಅಂದರೆ ನಿಮಿಷಕ್ಕೆ 133 ಮೀಟರ್. ಆಗ ಪೆಡಲ್ ನಿಮಿಷಕ್ಕೆ ಬರೀ 25 ಸುತ್ತು ತಿರುಗುತ್ತದೆ. ಪ್ರತಿ ತುಳಿತಕ್ಕೂ ಇಡೀ ಮೈಭಾರ ಹಾಕಬೇಕು, ಮಂಡಿ ನೋಯುತ್ತದೆ. ಮುಂದೆ 24, ಹಿಂದೆ 28 ಹಲ್ಲು ಇರುವ ಗೇರ್ ಸೈಕಲ್‌ನಲ್ಲಿ ಒಂದು ಸುತ್ತಿಗೆ 1.8 ಮೀಟರ್ ಮಾತ್ರ. ಅದೇ ವೇಗಕ್ಕೆ ಪೆಡಲ್ ನಿಮಿಷಕ್ಕೆ 74 ಸುತ್ತು. ಕಾಲು ಹಗುರಾಗಿ ತಿರುಗುತ್ತದೆ. ಮಾಡುವ ಕೆಲಸ ಅಷ್ಟೇ, ಆದರೆ ಸಣ್ಣ ಸಣ್ಣ ತುತ್ತಾಗಿ.

ಹಾಗಾಗಿ 21 ಗೇರ್, 24 ಗೇರ್ ಎನ್ನುವ ಒಟ್ಟು ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಮುಂದಿನ ಅತಿ ಸಣ್ಣ ಹಲ್ಲುಚಕ್ರದ ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ. ಹಿಂದಿನದು ಮುಂದಿನದಕ್ಕಿಂತ ದೊಡ್ಡದಾಗಿದ್ದರೆ ಮಣಿಪಾಲವೂ ಹತ್ತುತ್ತದೆ, ಕದ್ರಿಯೂ ಹತ್ತುತ್ತದೆ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳೆಂಟು ಇರುವ ಸೈಕಲ್‌ಗಳೂ ಈಗ ಬರುತ್ತಿವೆ. ದಿನದ ಓಡಾಟಕ್ಕೆ ಅವೇ ಚಂದ. ಒಂದು ಕೇಬಲ್ ಕಡಿಮೆ, ತುಕ್ಕು ಹಿಡಿಯುವ ಒಂದು ಭಾಗ ಕಡಿಮೆ.

ಗೇರ್ ಇಲ್ಲದ ಸೈಕಲ್ ಈಗಾಗಲೇ ಮನೆಯಲ್ಲಿದ್ದು, ಏರು ತೀರಾ ಕಡಿದಾಗಿಲ್ಲದಿದ್ದರೆ ಒಂದು ಅಗ್ಗದ ಉಪಾಯ ಇದೆ. ಹಿಂದಿನ 18 ಹಲ್ಲಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರ) ತೆಗೆದು 22 ಹಲ್ಲಿನದು ಹಾಕಿಸಿ. ಚೈನ್‌ಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. 5.4 ಮೀಟರ್ ಇದ್ದದ್ದು 4.4 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಸಮತಟ್ಟಿನಲ್ಲಿ ಸ್ವಲ್ಪ ವೇಗ ಹೋಗುತ್ತದೆ, ಊರೊಳಗಿನ ಟ್ರಾಫಿಕ್‌ನಲ್ಲಿ ಅದು ಗೊತ್ತೂ ಆಗುವುದಿಲ್ಲ.

ಗೇರ್ ಸೈಕಲ್‌ನಲ್ಲೇ ಎರಡು ಜಾತಿ

ಮಕ್ಕಳಿಂದ ಹಿಡಿದು ದೊಡ್ಡವರವರೆಗೆ ಎಲ್ಲರ ಕಣ್ಣು ಮೊದಲು ಬೀಳುವುದು ದಪ್ಪ ಟಯರ್, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಮೌಂಟನ್ ಸೈಕಲ್ ಮೇಲೆ. "ನಮ್ಮ ರಸ್ತೆಗೆ ಇದೇ ಬೇಕು ಮಾರಾಯ್ರೆ, ಹೊಂಡ ನೋಡಿ" ಅಂತ ಅಂಗಡಿಯವರೂ ಹೇಳುತ್ತಾರೆ. ಮಾತು ಅರ್ಧ ನಿಜ. ಹೊಂಡಕ್ಕೆ ದಪ್ಪ ಟಯರ್ ಒಳ್ಳೆಯದು. ಆದರೆ ಕಡಿಮೆ ಬೆಲೆಯ ಶಾಕ್ ಅಂದರೆ ಬರೀ ಒಂದು ಸ್ಪ್ರಿಂಗ್. ತೂಕ ಜಾಸ್ತಿ. ಏರಿನಲ್ಲಿ ಎದ್ದು ತುಳಿದರೆ ಶಕ್ತಿಯೆಲ್ಲ ಅದು ಕುಗ್ಗುವುದರಲ್ಲೇ ಹೋಗುತ್ತದೆ. ಒಂದೆರಡು ಮಳೆಗಾಲ ಕಳೆದರೆ ಒಳಗೆ ನೀರು ಸೇರಿ, ತುಕ್ಕು ಹಿಡಿದು, ಶಾಕ್ ಕೆಲಸವನ್ನೇ ನಿಲ್ಲಿಸುತ್ತದೆ. ಆಮೇಲೆ ಉಳಿಯುವುದು ಭಾರ ಮಾತ್ರ. ಇಂಥ ಸೈಕಲ್‌ಗಳಿಗೆ ಪೂರ್ತಿ ಮಡ್‌ಗಾರ್ಡ್, ಕ್ಯಾರಿಯರ್ ಕೂರಿಸುವುದೂ ಕಷ್ಟ.

ಹೈಬ್ರಿಡ್ ಎನ್ನುವ ಜಾತಿ ಬೇರೆ. ಮುಂದಿನ ಫೋರ್ಕ್ ಗಟ್ಟಿ, ಚಕ್ರ ದೊಡ್ಡದು, ಟಯರ್ 35ರಿಂದ 40 ಮಿಲಿಮೀಟರ್ ಅಗಲ, ಹ್ಯಾಂಡಲ್ ನೇರ. ಬೆಲೆ ಸುಮಾರು 15,000ದಿಂದ 25,000. ನನ್ನ ಮನಸ್ಸು ಪೂರ್ತಿ ಇದರ ಕಡೆಗೆ. ಟಯರ್‌ನ ಅಗಲವೇ ಸಣ್ಣಪುಟ್ಟ ಹೊಂಡಗಳನ್ನು ನುಂಗುತ್ತದೆ, ಕಾಂಕ್ರೀಟ್ ನಡುವಿನ ಸಂದಿಗೆ ಚಕ್ರ ಸಿಕ್ಕುವುದಿಲ್ಲ. ಫ್ರೇಮಿನಲ್ಲಿ ಮಡ್‌ಗಾರ್ಡ್‌ಗೂ ಕ್ಯಾರಿಯರ್‌ಗೂ ಬೋಲ್ಟ್ ಹಾಕುವ ತೂತುಗಳು ಇವೆಯೇ ಎಂದು ಮಾತ್ರ ಬಗ್ಗಿ ನೋಡಿ. ಇಲ್ಲದಿದ್ದರೆ ಆ ಮಾಡೆಲ್ ಬೇಡ.

ಸೀರೆ, ಚೂಡಿದಾರ್ ಹಾಕಿ ಓಡಿಸುವವರು, ಮಂಡಿನೋವು ಇರುವವರು ನಡುವಿನ ಕೊಳವೆ ತಗ್ಗಿರುವ ಫ್ರೇಮ್ ಕೇಳಿ ಪಡೆಯಿರಿ. "ಲೇಡೀಸ್ ಸೈಕಲ್" ಎಂಬ ಹೆಸರಿನಿಂದ ಗಂಡಸರು ಅದನ್ನು ಮುಟ್ಟುವುದಿಲ್ಲ. ಆದರೆ ಹಿಂದೆ ಅಕ್ಕಿ ಚೀಲ ಕಟ್ಟಿಕೊಂಡಾಗ ಕಾಲು ಮುಂದಿನಿಂದ ದಾಟಿಸಿ ಹತ್ತಿಳಿಯುವ ಸುಖ ಯಾರಿಗಾದರೂ ಬೇಕಾದದ್ದೇ.

ಸಪೂರ ಟಯರ್, ಬಾಗಿದ ಹ್ಯಾಂಡಲ್‌ನ ರೋಡ್ ಸೈಕಲ್ ಕೆಲಸಕ್ಕೆ ಹೋಗಲು ಬೇಡ. ಬೀಚ್‌ನ ಮರಳಿಗೆಂದು ಮಾರುವ ನಾಲ್ಕಿಂಚು ಟಯರ್‌ನದ್ದೂ ಬೇಡ. ಮಡಚುವ ಸೈಕಲ್ ಸಣ್ಣ ಫ್ಲ್ಯಾಟಿನವರಿಗೆ, ರೈಲಿನಲ್ಲಿ ಬಂದು ಉಳಿದ ದಾರಿ ತುಳಿಯುವವರಿಗೆ ಸರಿ. ಆದರೆ 20 ಇಂಚಿನ ಚಕ್ರಕ್ಕೆ ಪ್ರತಿ ಹೊಂಡವೂ ದೊಡ್ಡದೇ.

ಬ್ಯಾಟರಿ ಸೈಕಲ್ ಯಾರಿಗೆ?

ಮನೆ ಯೆಯ್ಯಾಡಿ ಅಥವಾ ಮಣಿಪಾಲದಲ್ಲಿ, ಕೆಲಸ ಕೆಳಗೆ ಪೇಟೆಯಲ್ಲಿ, ಕಚೇರಿಗೆ ಇಸ್ತ್ರಿ ಬಟ್ಟೆಯಲ್ಲೇ ಹೋಗಬೇಕು. ಇಂಥವರಿಗೆ ಬ್ಯಾಟರಿ ಸೈಕಲ್ ದೊಡ್ಡ ಉಪಕಾರ. ನಮ್ಮ ಸೆಕೆಯಲ್ಲಿ ಒಂದು ಏರು ಹತ್ತಿದರೆ ಅಂಗಿ ಒದ್ದೆ. ಸೈಕಲ್ ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಕಾಲುನೋವಿಗಲ್ಲ, ಬೆವರಿಗೆ.

ಮೋಟಾರ್ 250 ವಾಟ್‌ ಮೀರದ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದ ಬ್ಯಾಟರಿ ಸೈಕಲ್‌ಗೆ ಲೈಸೆನ್ಸ್, ನೋಂದಣಿ ಬೇಡ. ಇದಕ್ಕಿಂತ ಹೆಚ್ಚು ಓಡುವಂತೆ ಮಾಡಿಕೊಡುತ್ತೇವೆ ಎನ್ನುವ ಅಂಗಡಿಯಿಂದ ದೂರ ಇರಿ. 36 ವೋಲ್ಟ್, 7.8 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬುವುದು ಸುಮಾರು 280 ವಾಟ್-ಅವರ್. ಅಂದರೆ ಒಂದು ಯೂನಿಟ್ ಕರೆಂಟಿನ ಮೂರನೇ ಒಂದು ಪಾಲೂ ಇಲ್ಲ. ಖರ್ಚು ಏನೂ ಅಲ್ಲ. ಆದರೆ 85 ಕಿಲೋ ಒಟ್ಟು ಭಾರವನ್ನು ನೂರು ಮೀಟರಿಗೆ ಎಂಟು ಮೀಟರ್ ಮೇಲೇರುವ ಏರಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತಿಸಲು 160 ವಾಟ್‌ನಷ್ಟು ಬೇಕು. ಆದ್ದರಿಂದ ಪೆಟ್ಟಿಗೆಯ ಮೇಲೆ ಬರೆದ ದೂರ ನಮ್ಮ ಗುಡ್ಡೆಗಳಲ್ಲಿ ಸಿಗುವುದಿಲ್ಲ. ನಿಮ್ಮ ಹೋಗಿಬರುವ ದೂರದ ಎರಡು ಪಟ್ಟು ಬರೆದಿದ್ದರೆ ನೆಮ್ಮದಿ.

ಎರಡು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು, ಬ್ಯಾಟರಿ ಜೊತೆ ಗೇರ್ ಇರಲೇಬೇಕು. 20 ಕಿಲೋ ದಾಟುವ ಸೈಕಲ್ ದಾರಿಯಲ್ಲಿ ಚಾರ್ಜ್ ಕಳೆದುಕೊಂಡರೆ ಗೇರ್ ಇಲ್ಲದೆ ಅದನ್ನು ಏರಿಸಲಾಗದು. ಎರಡು, ಬ್ಯಾಟರಿ ಕಳಚಿ ಮನೆಯೊಳಗೆ ಒಯ್ಯುವಂತಿರಬೇಕು. ಮಳೆಗಾಲದಲ್ಲಿ ಹೊರಗೆ ಚಾರ್ಜ್ ಹಾಕುವುದು ಅಪಾಯ. ಕನೆಕ್ಟರ್‌ನ ಪಿನ್‌ಗಳಿಗೆ ಉಪ್ಪು ಗಾಳಿ ತಾಗಿ ಹಸಿರು ಕಿಲುಬು ಕಟ್ಟುವುದೂ ಇಲ್ಲಿ ಸಾಮಾನ್ಯ. ಮಳೆ ತಡೆಯುವ ಸೈಕಲ್ ಕೂಡ ಮುಳುಗುವಷ್ಟು ನೀರನ್ನು ತಡೆಯುವುದಿಲ್ಲ. ಕೊಟ್ಟಾರ ಚೌಕಿಯಲ್ಲಿ ಚಕ್ರದ ನಡುವಿನವರೆಗೆ ನೀರು ನಿಂತಿದ್ದರೆ ಬೇರೆ ದಾರಿ ಹಿಡಿಯಿರಿ.

ಮೇಲೆ ಏನೇನು ಹಾಕಿಸಬೇಕು

ಬಜೆಟ್ 15,000 ಇದ್ದರೆ ಸೈಕಲ್‌ಗೆ 12,000 ಇಟ್ಟು ಉಳಿದದ್ದನ್ನು ಇದಕ್ಕೆ ಎತ್ತಿಡಿ. ಮೊದಲನೆಯದು ಪೂರ್ತಿ ಉದ್ದದ ಮಡ್‌ಗಾರ್ಡ್. ಸೀಟಿನ ಕೆಳಗೆ ಚೂಪಾಗಿ ನಿಲ್ಲುವ ಪ್ಲಾಸ್ಟಿಕ್ ತುಂಡು ಬೆನ್ನನ್ನು ಅರ್ಧ ಕಾಪಾಡಬಹುದು, ಕಾಲು ಮತ್ತು ಚೈನ್‌ಗೆ ಅದರಿಂದ ಪ್ರಯೋಜನ ಇಲ್ಲ. ಮುಂದಿನ ಮಡ್‌ಗಾರ್ಡ್‌ನ ತುದಿಗೆ ರಬ್ಬರ್ ತುಂಡು ಸೇರಿಸಿ ನೆಲದ ಹತ್ತಿರದವರೆಗೆ ಇಳಿಸಿ. ಚಪ್ಪಲಿ, ಪ್ಯಾಂಟ್, ಚೈನ್ ಮೂರೂ ಉಳಿಯುತ್ತವೆ.

ಚೀಲವನ್ನು ಬೆನ್ನಿಗೆ ಹಾಕಬೇಡಿ, ಕ್ಯಾರಿಯರ್ ಮೇಲೆ ಹಾಕಿ. ಮಾರ್ಚ್ ತಿಂಗಳಲ್ಲಿ ಬೆನ್ನು ಚೀಲ ಹೊತ್ತು ತುಳಿದರೆ ಬೆವರಿನ ಅಚ್ಚು ಸಂಜೆಯವರೆಗೂ ಅಂಗಿಯಲ್ಲಿ ಉಳಿಯುತ್ತದೆ. ಬದಿಗೆ ತೂಗುವ ಚೀಲ ಸಿಕ್ಕರೆ ಒಳ್ಳೆಯದು. ಎಷ್ಟೇ "ವಾಟರ್‌ಪ್ರೂಫ್" ಅಂದರೂ ಒಳಗೆ ಲ್ಯಾಪ್‌ಟಾಪನ್ನು ದಪ್ಪ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಡಿ. ಮಳೆಗೆ ಉದ್ದ ಕೋಟು ಚಕ್ರಕ್ಕೆ ಸಿಗುತ್ತದೆ. ಬೀಸುವ ಗಾಳಿಗೆ ಪೊಂಚೊ ಹಾಯಿಯಾಗಿಬಿಡುತ್ತದೆ. ಅಂಗಿ, ಪ್ಯಾಂಟ್ ಬೇರೆಬೇರೆ ಇರುವ ರೈನ್‌ಕೋಟೇ ಸರಿ, ಬಣ್ಣ ಹಳದಿ ಅಥವಾ ಕಿತ್ತಳೆ ಇರಲಿ. ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸುವುದು ನಮ್ಮಲ್ಲಿ ಅಭ್ಯಾಸ. ಆಗ ಒಂದೇ ಬ್ರೇಕ್ ಉಳಿಯುತ್ತದೆ, ದಯವಿಟ್ಟು ಬೇಡ.

ಹಿಂದೆ ಕೆಂಪು ಲೈಟ್, ಮುಂದೆ ಬಿಳಿ ಲೈಟ್. ಜುಲೈಯಲ್ಲಿ ಸಂಜೆ ಐದಕ್ಕೇ ಕತ್ತಲಾಗುವ ದಿನಗಳಿವೆ. ಲೈಟ್‌ನ ಮೇಲೆ ಐಪಿಎಕ್ಸ್4 ಎಂದಿದ್ದರೆ ನೀರು ಸಿಡಿದರೆ ತಡೆಯುತ್ತದೆ ಎಂದರ್ಥ. ಐಪಿಎಕ್ಸ್6 ಆದರೆ ಜೋರು ನೀರಿನ ಹೊಡೆತವನ್ನೂ ತಡೆಯುತ್ತದೆ. ಇಲ್ಲಿಗೆ ಎರಡನೆಯದೇ ಬೇಕು. ಹೆಲ್ಮೆಟ್ ಹಗುರವಾದದ್ದು, ಗಾಳಿಯಾಡುವಂಥದ್ದು, ಒಳಗೆ ಇಎನ್ 1078 (ಸೈಕಲ್ ಹೆಲ್ಮೆಟ್‌ಗಳ ಯುರೋಪಿನ ಸುರಕ್ಷತಾ ಮಾನದಂಡ) ಗುರುತು ಇರುವಂಥದ್ದು ತೆಗೆದುಕೊಳ್ಳಿ. ಬೆಲ್ ಜೋರಾಗಿರಲಿ.

ಟಯರ್‌ನ ವಾಲ್ವ್ ಕೂಡ ನೋಡಿ. ಬೈಕ್, ಸ್ಕೂಟರ್‌ಗೆ ಇರುವಂಥದ್ದೇ ಆದರೆ ಪೆಟ್ರೋಲ್ ಬಂಕಿನಲ್ಲೇ ಗಾಳಿ ಹೊಡೆಸಬಹುದು. ಸಪೂರ ವಾಲ್ವ್ ಆದರೆ ಜೊತೆಗೊಂದು ಸಣ್ಣ ಅಡಾಪ್ಟರ್ ಇಟ್ಟುಕೊಳ್ಳಬೇಕು. ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಇರಬೇಕು ಎಂಬುದು ಟಯರ್‌ನ ಬದಿಯಲ್ಲೇ ಅಚ್ಚಾಗಿರುತ್ತದೆ. ಮಳೆಗಾಲದಲ್ಲಿ ಆ ಅಳತೆಯ ಕೆಳತುದಿಯಲ್ಲಿರಲಿ, ಹಿಡಿತ ಚೆನ್ನಾಗಿರುತ್ತದೆ.

ತುಕ್ಕಿನ ಜೊತೆ ಬಾಳುವುದು

ಮಲ್ಪೆ, ಪಣಂಬೂರು, ಉಳ್ಳಾಲದ ಕಡಲ ಬದಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಸರಳೇ ಉಳಿಯದ ಜಾಗದಲ್ಲಿ ಸೈಕಲ್‌ನ ಕಡ್ಡಿ ಉಳಿಯುತ್ತದೆಯೇ? ಕೊಳ್ಳುವಾಗಲೇ ಅಲಾಯ್ ಫ್ರೇಮ್, ಅಲಾಯ್ ರಿಮ್, ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಕೇಳಿ. ಬ್ರೇಕ್, ಗೇರ್ ಕೇಬಲ್‌ಗಳನ್ನು ಸ್ಟೇನ್‌ಲೆಸ್‌ಗೆ ಬದಲಿಸಲು ದೊಡ್ಡ ಖರ್ಚಿಲ್ಲ. ಸೀಟಿನ ಕೊಳವೆಯನ್ನು ಹೊರತೆಗೆದು ಗ್ರೀಸ್ ಹಚ್ಚಿ ಮತ್ತೆ ಹಾಕಿಸಿ, ಇಲ್ಲದಿದ್ದರೆ ಒಂದೆರಡು ವರ್ಷದಲ್ಲಿ ಅದು ಫ್ರೇಮಿಗೇ ಅಂಟಿಕೊಂಡು ಜಪ್ಪಯ್ಯ ಅಂದರೂ ಬರುವುದಿಲ್ಲ.

ಚೈನ್‌ಗೆ ಮನೆಯ ತೆಂಗಿನೆಣ್ಣೆ ಬೇಡ. ಮಳೆಗೆ ತೊಳೆದುಹೋಗುತ್ತದೆ, ಬೇಸಿಗೆಯಲ್ಲಿ ಧೂಳು ಹಿಡಿದು ಜಿಗುಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯೂ ಚೈನ್ ಎಣ್ಣೆ ಅಲ್ಲ. ಮಳೆಗಾಲಕ್ಕೆಂದೇ ಬರುವ ದಪ್ಪ ಚೈನ್ ಆಯಿಲ್ ತಂದು, ಪ್ರತಿ ಕೊಂಡಿಗೆ ಒಂದು ಹನಿ ಬಿಟ್ಟು, ಹೊರಗಿನದ್ದನ್ನು ಒರೆಸಿ. ಡಿಸ್ಕ್‌ಗೆ ಆ ಎಣ್ಣೆಯ ಒಂದು ಹನಿಯೂ ತಾಗಬಾರದು, ಬ್ರೇಕ್ ಕೆಟ್ಟಂತೆಯೇ. ಕಡಲ ಬದಿಗೆ ಹೋಗಿ ಬಂದ ದಿನ ಸಿಹಿನೀರು ಚಿಮುಕಿಸಿ ತೊಳೆಯಿರಿ. ಪ್ರೆಶರ್ ವಾಶ್ ಮಾತ್ರ ಬೇಡ, ಬೇರಿಂಗ್‌ಗಳ ಒಳಗಿನ ಗ್ರೀಸನ್ನು ಅದು ಹೊರಹಾಕುತ್ತದೆ.

ಹಳೆಯ ಸೈಕಲ್ ಕೊಳ್ಳುವುದಾದರೆ ಬಣ್ಣಕ್ಕೆ ಮರುಳಾಗಬೇಡಿ. ಸೈಕಲ್ ತಲೆಕೆಳಗು ಮಾಡಿ ಪೆಡಲ್ ಜಾಗದ ಅಡಿ ನೋಡಿ. ನೀರು ನಿಂತು ತುಕ್ಕು ಮೊದಲು ಶುರುವಾಗುವುದು ಅಲ್ಲಿ. ಸೀಟನ್ನು ಮೇಲೆ ಕೆಳಗೆ ಮಾಡಿ ತೋರಿಸಲು ಹೇಳಿ. ಮಾರುವವರು ನಾಳೆ ತೋರಿಸುತ್ತೇನೆ ಅಂದರೆ ಅದು ಅಂಟಿಕೊಂಡಿದೆ ಎಂದೇ ತಿಳಿಯಿರಿ.

ಹೊಸದಾದರೆ ಎಲ್ಲಿ ಕೊಳ್ಳುತ್ತೀರಿ ಎಂಬುದೂ ಯಾವುದನ್ನು ಕೊಳ್ಳುತ್ತೀರಿ ಎಂಬಷ್ಟೇ ಮುಖ್ಯ. ಮೊದಲ ಒಂದು ತಿಂಗಳಲ್ಲಿ ಕೇಬಲ್ ಹಿಗ್ಗುತ್ತದೆ, ಕಡ್ಡಿ ಸಡಿಲಾಗುತ್ತದೆ, ಚಕ್ರ ಸ್ವಲ್ಪ ಓಲುತ್ತದೆ. ಅದು ದೋಷವಲ್ಲ, ಎಲ್ಲ ಸೈಕಲ್‌ಗೂ ಆಗುವಂಥದ್ದು. ಆಗ ತೆಗೆದುಕೊಂಡು ಹೋದರೆ ಬಿಗಿ ಮಾಡಿ, ಚಕ್ರದ ಓಲಾಟ ತೆಗೆದು ಕೊಡುತ್ತೀರಾ ಎಂದು ಕೊಳ್ಳುವ ದಿನವೇ ಕೇಳಿ. ಇಂಟರ್‌ನೆಟ್‌ನಲ್ಲಿ ಎರಡು ಸಾವಿರ ಕಡಿಮೆಗೆ ಸಿಗುವ ಸೈಕಲ್ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ಬ್ರೇಕ್ ಜೋಡಿಸುವವರು ನೀವೇ ಆಗಿರುತ್ತೀರಿ. ನಿಮ್ಮ ದಾರಿಯಲ್ಲೇ ಇರುವ, ಮಳೆಗಾಲದಲ್ಲೂ ಬಾಗಿಲು ತೆರೆದಿರುವ ಒಂದು ಅಂಗಡಿಗೆ ಆ ಎರಡು ಸಾವಿರ ಹೆಚ್ಚು ಕೊಡಿ.